ಸ್ಟೇಷನ್ ಬೋರ್ಡ್ ಒಂದು ಎತ್ತರ ಹೇಳುತ್ತದೆ, ಫೋನ್ ಇನ್ನೊಂದು. ಯಾವುದು ಸರಿ?

ಶಿವು_ಕುತೂಹಲಿ
ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಜೊತೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತಾರಲ್ಲ, ಅದರ ಬಗ್ಗೆ ಮೂರು ಪ್ರಶ್ನೆ.

ಒಂದು, ಅದನ್ನು ಬರೆಯುವುದು ಯಾಕೆ? ಎರಡು, ಅದು ಯಾವ ಸಮುದ್ರ? ಅರಬ್ಬಿಯೋ ಬಂಗಾಳ ಕೊಲ್ಲಿಯೋ? ಮೂರು, ಬೆಂಗಳೂರಿನ ಬೋರ್ಡು 900 ಮೀಟರಿನ ಆಸುಪಾಸು ಹೇಳುತ್ತದೆ. ಅದೇ ಜಾಗದಲ್ಲಿ ನನ್ನ ಫೋನಿನ ಜಿಪಿಎಸ್ ಆ್ಯಪ್ ಸುಮಾರು 80 ಮೀಟರ್ ಕಮ್ಮಿ ತೋರಿಸುತ್ತದೆ. ಐದು ಹತ್ತು ಮೀಟರ್ ಆಗಿದ್ದರೆ ಬಿಡಿ ಅನ್ನಬಹುದಿತ್ತು. 80 ಅಂದರೆ ಇಪ್ಪತ್ತೈದು ಮಹಡಿ ಕಟ್ಟಡ ಅಲ್ವಾ?

ಘಾಟಿ_ರೈಲು
ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಯಾಕಂದ್ರೆ ಇದರ ಬಗ್ಗೆ ವಾಟ್ಸಾಪಿನಲ್ಲಿ ಓಡಾಡುವ ಕತೆ ಓದಿ ಓದಿ ಸಾಕಾಗಿದೆ. "ಮುಂದಿನ ಸ್ಟೇಷನ್ ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ ಅಂತ ಡ್ರೈವರ್ ಬೋರ್ಡ್ ನೋಡಿ ತಿಳಿದುಕೊಳ್ಳುತ್ತಾನೆ, ಅದಕ್ಕೆ ತಕ್ಕಂತೆ ಇಂಜಿನ್ ಓಡಿಸುತ್ತಾನೆ" ಅನ್ನುವ ಕತೆ.

ಸ್ವಲ್ಪ ಯೋಚನೆ ಮಾಡಿ. ಎರಡು ಸ್ಟೇಷನ್ ಒಂದೇ ಎತ್ತರದಲ್ಲಿದ್ದು ನಡುವೆ ಒಂದು ಗುಡ್ಡ ಇದ್ದರೆ ಬೋರ್ಡು ನೋಡಿ ಏನು ಗೊತ್ತಾಗುತ್ತದೆ? ಏನೂ ಇಲ್ಲ. ಡ್ರೈವರಿಗೆ ಬೇಕಾದ್ದು ಹಳಿಯ ಪಕ್ಕದಲ್ಲೇ ಇರುತ್ತದೆ. ಗ್ರೇಡಿಯೆಂಟ್ ಪೋಸ್ಟ್ ಅನ್ನುತ್ತಾರೆ. ಇಳಿಜಾರು ಎಲ್ಲಿ ಬದಲಾಗುತ್ತದೋ ಅಲ್ಲೆಲ್ಲ ನೆಟ್ಟಿರುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ 50ಕ್ಕೆ 1ರ ಇಳಿಜಾರಿದೆ. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ಆ ಹಾದಿಯನ್ನು ಮೊದಲೇ ಕಲಿತ ಡ್ರೈವರನ್ನೇ ಅಲ್ಲಿ ಬಿಡುತ್ತಾರೆ. ಬೋರ್ಡ್ ನೋಡಿ ಬ್ರೇಕ್ ಹಾಕುವವರನ್ನಲ್ಲ.

ಬೋರ್ಡಿನ ಎತ್ತರ ಹಳಿ ಹಾಕುವ ಕಾಲದ್ದು. ಲೈನ್ ಎಳೆಯಬೇಕಾದರೆ ಎಲ್ಲಿ ಕಡಿಯಬೇಕು, ಎಲ್ಲಿ ಮಣ್ಣು ತುಂಬಬೇಕು, ನೀರು ಯಾವ ಕಡೆ ಹರಿಯುತ್ತದೆ ಅನ್ನುವುದಕ್ಕೆಲ್ಲ ಒಂದೇ ಲೆಕ್ಕದ ಎತ್ತರ ಬೇಕು. ಆ ಲೆಕ್ಕ ಬೋರ್ಡಿನಲ್ಲಿ ಉಳಿದುಕೊಂಡಿದೆ.

ನಂಬಲ್ಲ_ನಾನು
ಎರಡನೇ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಚೆನ್ನೈ ಸಮುದ್ರ. ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕದಲ್ಲೂ ಹಾಗೇ ಇದೆ.

ಹಳೇ_ಸರ್ವೇಯರ್
ಪುಸ್ತಕದಲ್ಲಿ ಇರಬಹುದು ಸ್ವಾಮಿ. ಆದರೆ ದೇಶದ ಲೆಕ್ಕ ಚೆನ್ನೈ ಒಂದರ ಮೇಲೆ ನಿಂತಿಲ್ಲ.

ನಮ್ಮ ಸರ್ವೇ ಇಲಾಖೆಯಲ್ಲಿ ಬಳಸುತ್ತಿದ್ದ ಸೊನ್ನೆ, ಅಂದರೆ ಎತ್ತರ ಅಳೆಯಲು ಶುರು ಮಾಡುವ ಮಟ್ಟ, 1909ರದ್ದು. ಒಂಬತ್ತು ಬಂದರುಗಳ ಲೆಕ್ಕ ಸೇರಿಸಿ ಮಾಡಿದ್ದು: ಕರಾಚಿ, ಮುಂಬೈ, ಕಾರವಾರ, ಬೇಪೂರ್, ಕೊಚ್ಚಿ, ನಾಗಪಟ್ಟಣಂ, ಚೆನ್ನೈ, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಕರಾಚಿ ಯಾಕೆ ಅಂತ ಕೇಳಬೇಡಿ, ಆಗ ದೇಶ ಒಂದೇ ಇತ್ತು.

ಸಮುದ್ರಕ್ಕೆ ಒಂದು ಮಟ್ಟ ಅಂತ ಇರುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹುಣ್ಣಿಮೆ ಅಮಾವಾಸ್ಯೆಗೆ ಜಾಸ್ತಿ. ಮಳೆಗಾಲದಲ್ಲಿ ಬೇರೆ, ಚಳಿಗಾಲದಲ್ಲಿ ಬೇರೆ. ಅದಕ್ಕೆ ಬಂದರಿನಲ್ಲಿ ಟೈಡ್ ಗೇಜ್ ಇಡುತ್ತಾರೆ. ಕಡಲಿಗೆ ಕೊಳವೆಯಿಂದ ಜೋಡಿಸಿದ ಒಂದು ಬಾವಿ, ಅದರಲ್ಲಿ ತೇಲುವ ಬುರುಡೆ, ಅದಕ್ಕೆ ಕಟ್ಟಿದ ಪೆನ್ಸಿಲ್, ತಿರುಗುವ ಡ್ರಮ್ಮಿನ ಮೇಲೆ ಕಾಗದ. ಹಳೆಯ ಯಂತ್ರ ಇಷ್ಟೇ. ಬಾವಿ ಯಾಕೆ ಅಂದರೆ ಅಲೆಯ ಕುಣಿತ ಒಳಗೆ ಬರಬಾರದು, ನಿಧಾನದ ಏರಿಳಿತ ಮಾತ್ರ ಬರಬೇಕು. ವರ್ಷಗಟ್ಟಲೆ ಬರೆದಿಟ್ಟು ಸರಾಸರಿ ತೆಗೆಯುತ್ತಾರೆ. ಪೂರ್ತಿ ಸರಾಸರಿ ಬೇಕಾದರೆ ಸುಮಾರು 19 ವರ್ಷದ ಲೆಕ್ಕ ಬೇಕು. ಚಂದ್ರನ ಕಕ್ಷೆಯ ಓಲಾಟ ಒಂದು ಸುತ್ತು ಮುಗಿಸಲು 18.6 ವರ್ಷ ತೆಗೆದುಕೊಳ್ಳುತ್ತದೆ, ಅದಕ್ಕೆ.

ಕಾರವಾರದವ
ನಮ್ಮೂರು ಪಟ್ಟಿಯಲ್ಲಿದೆ ಅಂತ ನೋಡಿ ಖುಷಿಯಾಯಿತು. ಆದರೆ ಸರ್, ಕಾರವಾರದಲ್ಲಿ ಸೊನ್ನೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದನ್ನು ಹುಬ್ಬಳ್ಳಿಗೆ ತೆಗೆದುಕೊಂಡು ಹೋಗುವುದು ಹೇಗೆ? ನಡುವೆ ಇಡೀ ಪಶ್ಚಿಮ ಘಟ್ಟ ಇದೆಯಲ್ಲ.

ಹಳೇ_ಸರ್ವೇಯರ್
ನಡೆದುಕೊಂಡು. ಬೇರೆ ದಾರಿ ಇರಲಿಲ್ಲ.

ಲೆವೆಲ್ ಯಂತ್ರ ಅಂದರೆ ಪಕ್ಕಾ ಅಡ್ಡಡ್ಡಕ್ಕೆ ನೋಡುವ ದುರ್ಬೀನು. ಹಿಂದೆ ಒಬ್ಬ ಖಲಾಸಿ, ಅಂದರೆ ಸರ್ವೇ ಕೂಲಿಯಾಳು, ಅಳತೆ ಬರೆದ ಉದ್ದ ಕೋಲು (ಸ್ಟಾಫ್) ಹಿಡಿದು ನಿಲ್ಲುತ್ತಾನೆ, ಮುಂದೆ ಇನ್ನೊಬ್ಬ. ಹಿಂದಿನ ಸ್ಟಾಫಿನಲ್ಲಿ 2.310 ಕಂಡಿತು, ಮುಂದಿನದರಲ್ಲಿ 0.840 ಕಂಡಿತು ಅನ್ನಿ. ಅಂದರೆ ನೆಲ 1.470 ಮೀಟರ್ ಏರಿದೆ. ಬರೆದುಕೊಳ್ಳಿ. ಯಂತ್ರ ಎತ್ತಿ ಮುಂದೆ ಇಡಿ. ಮತ್ತೆ ಅದೇ. ಒಂದೊಂದು ಸಲಕ್ಕೆ ಹಿಂದೆ ಮುಂದೆ ಐವತ್ತು, ಅರವತ್ತು ಮೀಟರ್. ಹೀಗೆ ಘಟ್ಟ ಹತ್ತಬೇಕು. ನಂಬಿಕೆ ಬರಲು ಅದೇ ದಾರಿಯಲ್ಲಿ ವಾಪಸ್ ಇಳಿದು ಲೆಕ್ಕ ಕೂಡಿಬರುತ್ತದಾ ನೋಡಬೇಕು.

ಇಂಡಿಯಾದಲ್ಲಿ ಈ ಕೆಲಸ 1858ರಲ್ಲಿ ಶುರುವಾಯಿತು. 1909ರ ಹೊತ್ತಿಗೆ ದೇಶಕ್ಕೆಲ್ಲ ಒಂದು ಬಲೆ ಹೆಣೆದಂತಾಗಿತ್ತು. ದಾರಿಯಲ್ಲಿ ಅಲ್ಲಲ್ಲಿ ಬೆಂಚ್ ಮಾರ್ಕ್ ಕಲ್ಲು, ಅಂದರೆ ಎತ್ತರ ಅಳೆದು ಗುರುತು ಹಾಕಿದ ಕಲ್ಲು, ನೆಟ್ಟರು. ಹಳೆಯ ಕಚೇರಿ, ಸೇತುವೆಗಳ ಪಕ್ಕ ಬಾಣದ ಗುರುತು ಕೆತ್ತಿದ ಕಲ್ಲು ಕಂಡರೆ ದಯವಿಟ್ಟು ಕೀಳಬೇಡಿ, ಅದರ ಮೇಲೆ ಬಟ್ಟೆ ಒಗೆಯಬೇಡಿ. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ವಿಷಯ. ಒಂಬತ್ತು ಬಂದರಿನ ಸರಾಸರಿ ಮಟ್ಟವನ್ನೂ ಸೊನ್ನೆ ಅಂತ ಹಿಡಿದು ಬಲೆಯನ್ನು ಅದಕ್ಕೆ ಹೊಂದಿಸಿದರು. ನಿಜವಾಗಿ ಒಂಬತ್ತು ಕಡೆಯೂ ಕಡಲು ಒಂದೇ ಮಟ್ಟದಲ್ಲಿ ಇರುವುದಿಲ್ಲ. ನೀರಿನ ಉಪ್ಪು, ಬಿಸಿ, ಗಾಳಿ, ಒಳಹರಿವು ಎಲ್ಲ ಸೇರಿ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಬಲೆಯನ್ನು ಎಳೆದು ಕಟ್ಟಿದ ಹಾಗಾಯಿತು. ಆಗಿನ ಕಾಲಕ್ಕೆ ಅದು ತಪ್ಪಲ್ಲ, ಒಪ್ಪಂದ.

ಪಿಯುಸಿ_ಪದ್ದು
ಹಾಗಾದರೆ ಒಂದೊಂದು ದೇಶದ ಸೊನ್ನೆ ಒಂದೊಂದು ಕಡೆ ಇರುತ್ತದಾ ಅಂಕಲ್? ಗಡಿಯಲ್ಲಿ ಏನಾಗುತ್ತದೆ?

ಘಾಟಿ_ರೈಲು
ಗಡಿಯಲ್ಲಿ ತಮಾಷೆ ಆಗುತ್ತದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ರೈನ್ ನದಿಯ ಎರಡೂ ದಡದಲ್ಲಿ ಲಾಫೆನ್‌ಬುರ್ಗ್ ಅನ್ನುವ ಊರಿದೆ. ಅಲ್ಲಿ ಹೊಸ ಸೇತುವೆಯನ್ನು ಎರಡೂ ಕಡೆಯಿಂದ ಕಟ್ಟುತ್ತಿದ್ದರು. ಜರ್ಮನಿಯ ಸೊನ್ನೆ ಉತ್ತರ ಸಮುದ್ರದ ಲೆಕ್ಕದ್ದು, ಸ್ವಿಟ್ಜರ್ಲೆಂಡಿನದು ಮೆಡಿಟರೇನಿಯನ್ ಲೆಕ್ಕದ್ದು. ಎರಡರ ನಡುವೆ 27 ಸೆಂಟಿಮೀಟರ್ ವ್ಯತ್ಯಾಸ. ಇಂಜಿನಿಯರುಗಳಿಗೆ ಅದು ಮೊದಲೇ ಗೊತ್ತಿತ್ತು. ಸರಿಪಡಿಸಲು ಹೋಗಿ ಕೂಡಿಸಬೇಕಾದಲ್ಲಿ ಕಳೆದರು. 2003ರಲ್ಲಿ ನೋಡಿದರೆ ಎರಡು ಕಡೆಯ ಸೇತುವೆ ನಡುವೆ 54 ಸೆಂಟಿಮೀಟರ್ ಅಂತರ!

ಪಿಯುಸಿ_ಪದ್ದು
😂 ಇದನ್ನು ನಮ್ಮ ಮ್ಯಾಥ್ಸ್ ಲೆಕ್ಚರರ್‌ಗೆ ತೋರಿಸುತ್ತೇನೆ. ಪ್ಲಸ್ ಮೈನಸ್ ತಪ್ಪಿಗೆ ನನ್ನ ಅರ್ಧ ಮಾರ್ಕು ಕಟ್ ಮಾಡಿದ್ದಾರೆ.

ಶಿವು_ಕುತೂಹಲಿ
ಎಲ್ಲ ಚೆನ್ನಾಗಿದೆ. ಆದರೆ ಇದೆಲ್ಲ ಸೆಂಟಿಮೀಟರ್ ಲೆಕ್ಕ. ನನ್ನ 80 ಮೀಟರ್ ಎಲ್ಲಿ ಹೋಯಿತು?

ಭೌತಶಾಸ್ತ್ರ_ಮೇಷ್ಟ್ರು
ಶಿವು ಅವರೇ, ನಿಮ್ಮ ಫೋನೂ ಸರಿ, ಬೋರ್ಡೂ ಸರಿ. ಇಬ್ಬರೂ ಬೇರೆ ಬೇರೆ ಸೊನ್ನೆಯಿಂದ ಅಳೆಯುತ್ತಿದ್ದಾರೆ, ಅಷ್ಟೇ.

ಜಿಪಿಎಸ್ ಉಪಗ್ರಹಕ್ಕೆ ಸಮುದ್ರ ಗೊತ್ತಿಲ್ಲ. ಅದು ಲೆಕ್ಕ ಹಾಕುವುದು ಭೂಮಿಯ ಕೇಂದ್ರದಿಂದ. ಆಮೇಲೆ ಒಂದು ನುಣುಪಾದ, ಗಣಿತದ ಭೂಮಿಯನ್ನು ಇಟ್ಟುಕೊಂಡು ಅದರ ಮೇಲೆ ನೀವು ಎಷ್ಟು ಎತ್ತರದಲ್ಲಿದ್ದೀರಿ ಅಂತ ಹೇಳುತ್ತದೆ. ಇದಕ್ಕೆ ಎಲಿಪ್ಸಾಯ್ಡ್ ಅನ್ನುತ್ತಾರೆ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಭೂಮಿ ತಿರುಗುವುದರಿಂದ ನಡು ಉಬ್ಬಿಕೊಂಡಿದೆ.

ಆದರೆ ನಿಜವಾದ ಸಮುದ್ರ ಆ ನುಣುಪು ಮೈಗೆ ಅಂಟಿಕೊಂಡು ನಿಲ್ಲುವುದಿಲ್ಲ. ನೀರು ಗುರುತ್ವ ಹೇಳಿದಂತೆ ಕೇಳುತ್ತದೆ. ಭೂಮಿಯ ಒಳಗೆ ಎಲ್ಲೆಡೆ ಒಂದೇ ಸಾಂದ್ರತೆ ಇಲ್ಲ. ಎಲ್ಲಿ ವಸ್ತು ಜಾಸ್ತಿ ತುಂಬಿದೆಯೋ ಅಲ್ಲಿ ಸಮುದ್ರದ ಮೈ ಸ್ವಲ್ಪ ಉಬ್ಬುತ್ತದೆ, ಕಮ್ಮಿ ಇರುವಲ್ಲಿ ತಗ್ಗುತ್ತದೆ. ಅಲೆ, ಉಬ್ಬರ, ಗಾಳಿ ಎಲ್ಲ ತೆಗೆದರೆ ಉಳಿಯುವ ಆ ಏರುಪೇರಿನ ಮೈಗೆ ಜಿಯಾಯ್ಡ್ ಅಂತ ಹೆಸರು. ನೆಲದ ಕೆಳಗೂ ಅದು ಮುಂದುವರಿಯುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಬೋರ್ಡಿನಲ್ಲಿರುವುದು ಹೆಚ್ಚುಕಮ್ಮಿ ಈ ಮೈಯಿಂದ ಅಳೆದ ಎತ್ತರ.

ಇಡೀ ಭೂಮಿಯಲ್ಲಿ ಈ ಮೈ ಅತ್ಯಂತ ತಗ್ಗಾಗಿರುವ ಜಾಗ ಯಾವುದು ಗೊತ್ತಾ? ನಮ್ಮ ಪಕ್ಕದಲ್ಲೇ ಇದೆ. ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರದ ಮೈ ಆ ಗಣಿತದ ಭೂಮಿಗಿಂತ ಸುಮಾರು 106 ಮೀಟರ್ ಕೆಳಗಿದೆ. ದಕ್ಷಿಣ ಭಾರತ ಪೂರ್ತಿ ಈ ತಗ್ಗಿನ ಅಂಚಿನಲ್ಲಿ ಕೂತಿದೆ. ಬೆಂಗಳೂರಿನಲ್ಲಿ ವ್ಯತ್ಯಾಸ 80 ಮೀಟರಿಗೂ ಜಾಸ್ತಿ. ಹಾಗಾಗಿ ಫೋನಿನ ಸೊನ್ನೆ ಬೋರ್ಡಿನ ಸೊನ್ನೆಗಿಂತ ಮೇಲಿದೆ. ಸೊನ್ನೆ ಮೇಲಕ್ಕೆ ಹೋದರೆ ಅಳತೆ ಕಮ್ಮಿ ಬರುತ್ತದೆ.

ಬಹಳ ಆ್ಯಪ್‌ಗಳು ಇದನ್ನು ಒಳಗೇ ಸರಿಪಡಿಸಿ ತೋರಿಸುತ್ತವೆ. ನಿಮ್ಮದು ಹಸಿ ಲೆಕ್ಕ ತೋರಿಸುತ್ತಿದೆ. ಸೆಟ್ಟಿಂಗ್ಸಿನಲ್ಲಿ ಜಿಯಾಯ್ಡ್ ಅಥವಾ ಎಂ.ಎಸ್.ಎಲ್. (ಸರಾಸರಿ ಸಮುದ್ರ ಮಟ್ಟ) ಅಂತ ಇದೆಯಾ ನೋಡಿ.

ಕಾರವಾರದವ
ಅಂದರೆ ಆ ಆ್ಯಪ್ ಹಿಡಿದುಕೊಂಡು ನಾನು ಬೀಚಿನಲ್ಲಿ ನಿಂತರೆ?

ಭೌತಶಾಸ್ತ್ರ_ಮೇಷ್ಟ್ರು
ಮೈನಸ್ ತೋರಿಸುತ್ತದೆ. ನಮ್ಮ ಕರಾವಳಿಯ ಉದ್ದಕ್ಕೂ ಹತ್ತಾರು ಮೀಟರ್ ಮೈನಸ್. ಕಾಲು ನೆನೆಯುತ್ತಿರುತ್ತದೆ, ಫೋನ್ ಮಾತ್ರ ನೀವು ಮುಳುಗಿ ಬಹಳ ಹೊತ್ತಾಯಿತು ಅನ್ನುತ್ತದೆ.

ನಂಬಲ್ಲ_ನಾನು
ಇದನ್ನು ನಂಬಲ್ಲ. ಸಮುದ್ರದಲ್ಲಿ 100 ಮೀಟರ್ ಗುಂಡಿ ಇದ್ದರೆ ಸುತ್ತಲಿನ ನೀರು ಹರಿದು ಬಂದು ತುಂಬಬೇಕಲ್ವಾ? ಹಡಗು ಇಳಿಜಾರಿನಲ್ಲಿ ಜಾರಬೇಕಲ್ವಾ?

ಭೌತಶಾಸ್ತ್ರ_ಮೇಷ್ಟ್ರು
ಒಳ್ಳೆಯ ಪ್ರಶ್ನೆ, ಕ್ಲಾಸಿನಲ್ಲೂ ಇದನ್ನು ಯಾರಾದರೂ ಕೇಳಬೇಕು ಅಂತ ಕಾಯುತ್ತೇನೆ.

ನೀರು ಹರಿಯುವುದು ಕೇಂದ್ರದಿಂದ ದೂರ ಇರುವ ಕಡೆಯಿಂದ ಹತ್ತಿರ ಇರುವ ಕಡೆಗೆ ಅಲ್ಲ. ಗುರುತ್ವ ಎಳೆಯುವ ಕಡೆಗೆ. ಆ ತಗ್ಗಿನ ಎಲ್ಲ ಜಾಗದಲ್ಲೂ ಗುರುತ್ವದ ದಿಕ್ಕು ನೀರಿನ ಮೈಗೆ ನೇರವಾಗಿ, ಲಂಬವಾಗಿಯೇ ಇರುತ್ತದೆ. ಅಲ್ಲಿ ತೂಗುಗುಂಡು ಬಿಟ್ಟರೂ, ಸರ್ವೇಯರ್ ಸಾಹೇಬರ ಲೆವೆಲ್ ಇಟ್ಟರೂ ಪಕ್ಕಾ ಮಟ್ಟ ಅಂತಲೇ ತೋರಿಸುತ್ತದೆ. ಇಳಿಜಾರೇ ಇಲ್ಲ ಅಂದಮೇಲೆ ಜಾರುವುದು ಎಲ್ಲಿಗೆ? ಅಲ್ಲದೆ ಈ ತಗ್ಗು ಸಾವಿರಾರು ಕಿಲೋಮೀಟರ್ ಅಗಲಕ್ಕೆ ಹರಡಿದೆ. ಹಡಗಿನಲ್ಲಿ ಇರುವವರಿಗೆ ಏನೂ ಗೊತ್ತಾಗುವುದಿಲ್ಲ.

ಇದನ್ನು ಮೊದಲು ಕಂಡುಹಿಡಿದದ್ದು 1948ರಲ್ಲಿ, ಡಚ್ ವಿಜ್ಞಾನಿ ಫೆಲಿಕ್ಸ್ ವೆನಿಂಗ್ ಮೈನೆಸ್. ಹಡಗಿನಲ್ಲಿ ಗುರುತ್ವ ಅಳೆಯುತ್ತಾ ಹೋಗುವಾಗ. ಯಾಕೆ ಹೀಗಿದೆ ಅನ್ನುವುದು ಮಾತ್ರ ಇನ್ನೂ ಚರ್ಚೆಯಲ್ಲಿದೆ. 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಒಂದು ವಿವರಣೆ ಕೊಟ್ಟರು. ಭಾರತ ಉತ್ತರಕ್ಕೆ ಸರಿದಾಗ ಮುಚ್ಚಿಹೋದ ಟೆಥಿಸ್ ಸಮುದ್ರದ ತಳ ಭೂಮಿಯ ಒಳಗೆ ಮುಳುಗಿತು. ಅದು ಆಫ್ರಿಕಾದ ಅಡಿಯ ಬಿಸಿ ವಸ್ತುವನ್ನು ಕೆದಕಿತು. ಆ ಹಗುರ ವಸ್ತು ಹಿಂದೂ ಮಹಾಸಾಗರದ ಕೆಳಗೆ ಬಂದು ಸೇರಿದ್ದೇ ಗುರುತ್ವ ಕಮ್ಮಿಯಾಗಲು ಕಾರಣ ಅಂತ. ಕಂಪ್ಯೂಟರಿನಲ್ಲಿ 14 ಕೋಟಿ ವರ್ಷ ಹಿಂದಿನಿಂದ ಓಡಿಸಿ ನೋಡಿದ ಲೆಕ್ಕ ಅದು.

ಶಿವು_ಕುತೂಹಲಿ
ಸೆಟ್ಟಿಂಗ್ಸಿನಲ್ಲಿ ಇತ್ತು ಮೇಷ್ಟ್ರೇ, ಬದಲಾಯಿಸಿದೆ. ಈಗ ಬೋರ್ಡಿಗೂ ಫೋನಿಗೂ ಜಗಳ ಇಲ್ಲ. ಧನ್ಯವಾದ.

ಆದರೆ ತಲೆಗೆ ಇನ್ನೊಂದು ಹುಳ ಬಿಟ್ಟಿರಿ. ಲೆವೆಲ್ ಹಿಡಿದು ಘಟ್ಟ ಹತ್ತಬಹುದು, ಸರಿ. ಎವರೆಸ್ಟಿನ ಎತ್ತರ 1850ರ ದಶಕದಲ್ಲೇ ಹೇಳಿದರಲ್ಲ, ಆಗ ಯಾರೂ ಹತ್ತಿರಲೇ ಇಲ್ಲ. ಹೇಗೆ?

ಶಾಸನಪ್ರಿಯೆ
ಈ ಕತೆ ನಮ್ಮ ಶ್ರೀರಂಗಪಟ್ಟಣದಿಂದ ಶುರುವಾಗುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆ ಕಂಪನಿಯ ಹಿಡಿತಕ್ಕೆ ಬಂತು. ಗೆದ್ದ ನಾಡಿನಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಇಬ್ಬರು ಅಳೆಯಲು ಹೊರಟರು. ಒಬ್ಬ ಕಾಲಿನ್ ಮೆಕೆಂಜಿ. ಊರು, ಕೆರೆ, ಗಡಿ, ಜನ ಎಲ್ಲದರ ಲೆಕ್ಕ ಬರೆಸಿದ. ನಾವೆಲ್ಲ ಇತಿಹಾಸಕ್ಕೆ ಬಳಸುವ ಕೈಫಿಯತ್ತುಗಳು, ಅಂದರೆ ಊರೂರಿನ ವೃತ್ತಾಂತಗಳು, ಅವನ ಕಾಲದ ಸಂಗ್ರಹ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಅನ್ನುವ ತೆಲುಗು ಸಹೋದರರು ಊರೂರು ತಿರುಗಿ ಕೂಡಿಸಿಕೊಟ್ಟಿದ್ದು. ಮೆಕೆಂಜಿ 1815ರಲ್ಲಿ ಇಡೀ ಇಂಡಿಯಾದ ಮೊದಲ ಸರ್ವೇಯರ್ ಜನರಲ್ ಆದ.

ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. ಅದೇ ಯುದ್ಧದಲ್ಲಿದ್ದ ಸೈನಿಕ. ಅವನಿಗೆ ಊರುಗಳಿಗಿಂತ ಭೂಮಿಯ ಆಕಾರದ ಮೇಲೆ ಆಸೆ. ಉಪಾಯ ಸುಲಭದ್ದು. ತ್ರಿಕೋನದ ಒಂದು ಬದಿ ಮತ್ತು ಎರಡು ಕೋನ ಗೊತ್ತಿದ್ದರೆ ಉಳಿದ ಎರಡು ಬದಿ ಲೆಕ್ಕದಿಂದಲೇ ಸಿಗುತ್ತವೆ. ಒಂದೇ ಒಂದು ಬದಿಯನ್ನು ನೆಲದ ಮೇಲೆ ಜೀವ ತೇಯ್ದು ಅಳೆದರೆ ಸಾಕು. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆಯುತ್ತಾ ದೇಶವನ್ನೇ ತ್ರಿಕೋನಗಳಿಂದ ಮುಚ್ಚಬಹುದು. ಒಂದು ಬೆಟ್ಟದಿಂದ ಇನ್ನೊಂದರ ತುದಿ ಎಷ್ಟು ಮೇಲಕ್ಕೆ ಕಾಣುತ್ತದೆ ಅಂತ ಅಳೆದರೆ ಎತ್ತರವೂ ಸಿಗುತ್ತದೆ.

ಆ ಮೊದಲ ಬದಿ ಅಳೆದದ್ದು 1802ರ ಏಪ್ರಿಲ್ 10ರಿಂದ, ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ. ಉದ್ದ ಏಳೂವರೆ ಮೈಲಿ. ಹಿಡಿದ ಕಾಲ 57 ದಿನ! 100 ಅಡಿ ಉಕ್ಕಿನ ಸರಪಳಿ. ಬಿಸಿಲಿಗೆ ಉದ್ದ ಆಗುತ್ತದೆ ಅಂತ ಅದಕ್ಕೆ ನೆರಳು, ಪಕ್ಕದಲ್ಲಿ ಥರ್ಮಾಮೀಟರ್. ಆ ಸರಪಳಿಯನ್ನು ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಒಯ್ದಿದ್ದರಂತೆ, ಅವನು ಬೇಡ ಅಂದಿದ್ದಕ್ಕೆ ಇಲ್ಲಿಗೆ ಬಂತು. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಬದಿಯನ್ನು ನೆಲದ ಮೇಲೆ ಅಳೆದು ತಾಳೆ ನೋಡಿದರು. ಮದ್ರಾಸಿನಿಂದ ತ್ರಿಕೋನದ ಲೆಕ್ಕದಲ್ಲಿ ಬಂದ ಉದ್ದಕ್ಕೂ ಇದಕ್ಕೂ ವ್ಯತ್ಯಾಸ ಕೆಲವೇ ಇಂಚು. ಅಲ್ಲಿಂದ ಮಂಗಳೂರಿನ ಕಡಲತನಕ ಹೋದಾಗ ಇನ್ನೊಂದು ಗೊತ್ತಾಯಿತು. ಹಳೆಯ ನಕ್ಷೆಗಳು ಮದ್ರಾಸು–ಮಂಗಳೂರಿನ ನಡುವಿನ ನೆಲವನ್ನು ಸುಮಾರು 40 ಮೈಲಿ ಜಾಸ್ತಿ ತೋರಿಸಿದ್ದವು.

ಕೋನ ಅಳೆಯುವ ಥಿಯೋಡೊಲೈಟ್ ಅರ್ಧ ಟನ್ ತೂಕದ್ದು. ಲಂಡನ್ನಿನಿಂದ ಬರುವಾಗ ಹಡಗನ್ನು ಫ್ರೆಂಚರು ಹಿಡಿದರು. ಆದರೆ ಇದು ವಿಜ್ಞಾನದ ಸಾಮಾನು ಅಂತ ತಿಳಿದು ಮರ್ಯಾದೆಯಿಂದ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ಗುಡಿಯ ಗೋಪುರಕ್ಕೆ ಅದನ್ನು ಎತ್ತಿಸುವಾಗ ಹಗ್ಗ ಹರಿದು ಗೋಡೆಗೆ ಬಡಿಯಿತು. ಚಕ್ರವೇ ಸೊಟ್ಟ. ಲ್ಯಾಂಬ್ಟನ್ ಡೇರೆಯಲ್ಲಿ ಕೂತು ವಾರಗಟ್ಟಲೆ ಒಂದೊಂದೇ ಕೂದಲೆಳೆಯಷ್ಟು ಎಳೆದು ಸರಿಮಾಡಿದ. 1823ರಲ್ಲಿ ವಾರ್ಧಾ ಹತ್ತಿರದ ಹಿಂಗಣಘಾಟಿನಲ್ಲಿ ಕೆಲಸದ ದಾರಿಯಲ್ಲೇ ತೀರಿಕೊಂಡ. ಅವನ ಕೈಕೆಳಗಿದ್ದ ಜಾರ್ಜ್ ಎವರೆಸ್ಟ್ ಆ ಸಾಲನ್ನು ಮುಂದುವರಿಸಿದ. ಕನ್ಯಾಕುಮಾರಿಯಿಂದ ಮಸ್ಸೂರಿತನಕ ಸುಮಾರು 2,400 ಕಿ.ಮೀ. ಸಾಲು 1841ಕ್ಕೆ ಮುಗಿಯಿತು.

ಹಳೇ_ಸರ್ವೇಯರ್
ಮೇಡಂ ಹೆಸರು ಹೇಳಿದವರೆಲ್ಲ ಸಾಹೇಬರು. ಆ ಅರ್ಧ ಟನ್ ಹೊತ್ತು ಬೆಟ್ಟ ಹತ್ತಿದವರು, ರಾತ್ರಿ ಇಡೀ ತುದಿಯಲ್ಲಿ ದೀಪ ಹಿಡಿದು ಕೂತವರು, ಜ್ವರ ಬಂದು ಕಾಡಿನಲ್ಲೇ ಸತ್ತವರು ಖಲಾಸಿಗಳು. ಗಂಗೆಯ ಬಯಲಿನಲ್ಲಿ ಬೆಟ್ಟ ಇಲ್ಲ ಅಂತ ಎತ್ತರದ ಗೋಪುರ ಕಟ್ಟಿಸಿದರು. ಕೋನ ನೋಡಲು ಅಡ್ಡ ಬಂದ ಮರ, ಮನೆ ಕೆಡವಿದರು. ಊರವರಿಗೆ ಇದು ಇಷ್ಟವಾಗಿರಲಿಲ್ಲ ಅಂತ ಬೇರೆ ಹೇಳಬೇಕಾ.

ಶಾಸನಪ್ರಿಯೆ
ನಿಜ ಸರ್. ಎವರೆಸ್ಟ್‌ನ ದಾಖಲೆಗಳಲ್ಲೂ ಜ್ವರದ ಸುದ್ದಿ ಇದೆ. 1820ರಲ್ಲಿ ಅವನೂ ಜ್ವರದಿಂದ ಮಲಗಿ ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋಗಿ ಸುಧಾರಿಸಿಕೊಂಡ. ಅವನಿಗೆ ಆ ಅನುಕೂಲ ಇತ್ತು, ಖಲಾಸಿಗಳಿಗೆ ಇರಲಿಲ್ಲ.

ಇನ್ನು ಶಿಖರದ ವಿಷಯ. ನೇಪಾಳ ವಿದೇಶಿ ಸರ್ವೇಯವರನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಬಿಹಾರದ ಬಯಲಿನ ಸರ್ವೇ ಠಾಣೆಗಳಿಂದಲೇ ದುರ್ಬೀನು ತಿರುಗಿಸಬೇಕಾಯಿತು. 1849–50ರಲ್ಲಿ ಜೇಮ್ಸ್ ನಿಕೋಲ್ಸನ್ ಆರು ಠಾಣೆಗಳಿಂದ ಕೋನ ಅಳೆದ. ಪ್ರತಿಯೊಂದೂ ಶಿಖರದಿಂದ 170 ಕಿ.ಮೀ.ಗಿಂತ ದೂರ. ಆಗ ಅದಕ್ಕೆ ಹೆಸರಿಲ್ಲ, 15ನೇ ಶಿಖರ ಅಷ್ಟೇ. ಲೆಕ್ಕ ನಡೆದದ್ದು ರಾಧಾನಾಥ್ ಸಿಕ್ದರ್ ಮುಖ್ಯಸ್ಥನಾಗಿದ್ದ ಗಣಕರ, ಅಂದರೆ ಲೆಕ್ಕ ಹಾಕುವವರ, ವಿಭಾಗದಲ್ಲಿ. ಬಂಗಾಳದ ಹುಡುಗ, 1831ರಲ್ಲಿ ಕೆಲಸಕ್ಕೆ ಸೇರಿದ್ದ. 1856ರಲ್ಲಿ ಆಗಿನ ಸರ್ವೇಯರ್ ಜನರಲ್ ಆಂಡ್ರ್ಯೂ ವಾ ಜಗತ್ತಿಗೆ ಹೇಳಿದ: 29,002 ಅಡಿ.

ನಂಬಲ್ಲ_ನಾನು
ಲೆಕ್ಕ ಸರಿಯಾಗಿ 29,000 ಬಂದಿತ್ತು, ಯಾರೂ ನಂಬಲ್ಲ ಅಂತ ಎರಡು ಅಡಿ ಸೇರಿಸಿದರು ಅಂತ ಓದಿದ್ದೇನೆ. ಇದನ್ನಾದರೂ ನಂಬಬಹುದಾ?

ಶಾಸನಪ್ರಿಯೆ
ಬೇಡ. ಚೆಂದದ ಕತೆ, ಆದರೆ ಅಂಕಿಗಳು ಬೇರೆ ಹೇಳುತ್ತವೆ. ಆರು ಠಾಣೆಗಳಿಂದ ಆರು ಎತ್ತರ ಬಂದವು. ಕಡಿಮೆಯದು 28,990 ಅಡಿ, ಜಾಸ್ತಿಯದು 29,026 ಅಡಿ. ಆರನ್ನೂ ಕೂಡಿ ಭಾಗಿಸಿದರೆ ಬರುವುದೇ 29,002. ಯಾರೂ ಏನೂ ಸೇರಿಸಬೇಕಾಗಿರಲಿಲ್ಲ.

ಇನ್ನೊಂದು ಕತೆ, ಸಿಕ್ದರ್ ಓಡಿ ಬಂದು "ಸರ್, ಜಗತ್ತಿನ ಅತಿ ಎತ್ತರದ ಶಿಖರ ಸಿಕ್ಕಿತು" ಅಂದ ಅನ್ನುವುದು. ಅದು ಸಿನಿಮಾ ಥರ ಇದೆ. ನಿಕೋಲ್ಸನ್ ಅಳೆದ, ಸಿಕ್ದರ್ ಮತ್ತು ಅವನ ಜೊತೆಯ ಗಣಕರು ಲೆಕ್ಕ ಹಾಕಿದರು, ವಾ ವರ್ಷಗಟ್ಟಲೆ ತಾಳೆ ನೋಡಿ ಹೇಳಿದ. ಯಾರೊಬ್ಬರದೂ ಅಲ್ಲ. ಆದರೆ ಶಿಖರಕ್ಕೆ ಹೆಸರು ಸಿಕ್ಕಿದ್ದು ಇವರಲ್ಲಿ ಒಬ್ಬರದೂ ಅಲ್ಲ, ಆಗಲೇ ನಿವೃತ್ತನಾಗಿ ಇಂಗ್ಲೆಂಡಿಗೆ ಹೋಗಿದ್ದ ಎವರೆಸ್ಟ್‌ನದು. ಸ್ವತಃ ಅವನೇ ಬೇಡ ಅಂದಿದ್ದ. 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಒಪ್ಪಿತು, ಗಟ್ಟಿಯಾಯಿತು. ಟಿಬೆಟಿನವರಿಗೆ ಅದು ಮೊದಲಿನಿಂದಲೂ ಚೊಮೊಲುಂಗ್ಮಾ. ನನಗೆ ಈಗಲೂ ಆ ಹೆಸರೇ ಇಷ್ಟ.

ಪಿಯುಸಿ_ಪದ್ದು
ಟ್ಯಾನ್ ಥೀಟಾ ಹಾಕಿದರೆ ಮುಗಿಯಿತಲ್ಲ, ವರ್ಷಗಟ್ಟಲೆ ಏನು ತಾಳೆ ನೋಡಿದರು?

ಭೌತಶಾಸ್ತ್ರ_ಮೇಷ್ಟ್ರು
ಪರೀಕ್ಷೆಯಲ್ಲಿ ನೆಲ ಚಪ್ಪಟೆ, ಬೆಳಕು ನೇರ. ಹೊರಗೆ ಎರಡೂ ಇಲ್ಲ ಪದ್ದು.

170 ಕಿ.ಮೀ. ದೂರಕ್ಕೆ ಭೂಮಿ ಸುಮಾರು 2,270 ಮೀಟರ್ ಬಾಗಿರುತ್ತದೆ. ಅಷ್ಟು ಭಾಗ ದಿಗಂತದ ಕೆಳಗೆ ಇಳಿದಿರುತ್ತದೆ. ಇದು ಸುಲಭ, ಲೆಕ್ಕದಿಂದ ಸರಿಹೋಗುತ್ತದೆ. ಕಷ್ಟ ಬೆಳಕಿನದು. ಕೆಳಗಿನ ಗಾಳಿ ದಟ್ಟ, ಮೇಲಿನದು ತೆಳು. ಅದರ ಮೂಲಕ ಬರುವ ಬೆಳಕು ಬಾಗುತ್ತದೆ, ಶಿಖರ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಅಷ್ಟು ದೂರಕ್ಕೆ ಈ ಮೋಸ 300 ಮೀಟರ್ ಆಸುಪಾಸು. ಅದೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಎಷ್ಟು ಬಾಗಿತು ಅನ್ನುವುದರಲ್ಲಿ ಸ್ವಲ್ಪ ತಪ್ಪಿದರೂ ಹತ್ತಾರು ಮೀಟರ್ ಹೋಗುತ್ತದೆ. ಹಾಗಿದ್ದೂ ಇವತ್ತಿನ ಎತ್ತರಕ್ಕೂ ಅವರ ಲೆಕ್ಕಕ್ಕೂ ವ್ಯತ್ಯಾಸ 9 ಮೀಟರ್ ಮಾತ್ರ. 2020ರ ಡಿಸೆಂಬರಿನಲ್ಲಿ ನೇಪಾಳ, ಚೀನಾ ಒಟ್ಟಿಗೆ ಘೋಷಿಸಿದ್ದು 8,848.86 ಮೀಟರ್. ಅದಕ್ಕೆ ತುದಿಯ ಮೇಲೇ ಜಿಪಿಎಸ್ ಇಟ್ಟಿದ್ದರು. ಕೆಳಗೆ ಜಿಯಾಯ್ಡ್ ಎಲ್ಲಿದೆ ಅಂತ ಗುರುತ್ವ ಅಳೆದು ಲೆಕ್ಕ ಹಾಕಿದ್ದರು. ಮತ್ತೆ ಅದೇ ಸೊನ್ನೆಯ ಸಮಸ್ಯೆ ನೋಡಿ.

ಇನ್ನೊಂದು ಹೇಳಲೇಬೇಕು. ಉತ್ತರದ ಕಲಿಯಾನಾ ಮತ್ತು ಮಧ್ಯ ಭಾರತದ ಕಲ್ಯಾಣ್‌ಪುರ ನಡುವಿನ ಅಂತರವನ್ನು ತ್ರಿಕೋನದಿಂದಲೂ ನಕ್ಷತ್ರ ನೋಡಿಯೂ ಲೆಕ್ಕ ಹಾಕಿದರು. ಎರಡೂ ಕೂಡಲಿಲ್ಲ. ಐದು ಆರ್ಕ್‌ಸೆಕೆಂಡಿಗೆ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಪಾಲು) ಸ್ವಲ್ಪ ಜಾಸ್ತಿ ವ್ಯತ್ಯಾಸ, ನೆಲದ ಮೇಲೆ ಸುಮಾರು 160 ಮೀಟರ್. ನಕ್ಷತ್ರದ ಕೋನ ಅಳೆಯುವುದು ತೂಗುಗುಂಡಿನ ನೇರ ಹಿಡಿದು. ಹಿಮಾಲಯದ ರಾಶಿ ತೂಗುಗುಂಡನ್ನು ತನ್ನ ಕಡೆ ಎಳೆಯುತ್ತಿದೆ ಅಂತ ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಹೇಳಿದ. ಆದರೆ ಆತ ಹಿಮಾಲಯದ ಗಾತ್ರ ಹಿಡಿದು ಲೆಕ್ಕ ಮಾಡಿದರೆ ಎಳೆತ 15 ಆರ್ಕ್‌ಸೆಕೆಂಡಿಗಿಂತ ಜಾಸ್ತಿ ಬರಬೇಕಿತ್ತು. ಬಂದದ್ದು ಮೂರರಲ್ಲಿ ಒಂದು ಪಾಲು! ಹಾಗಾದರೆ ಬೆಟ್ಟ ಒಳಗೆ ಟೊಳ್ಳಾ?

1855ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಉತ್ತರ ಕೊಟ್ಟ. ಬೆಟ್ಟ ನೆಲದ ಮೇಲೆ ಇಟ್ಟ ಕಲ್ಲಲ್ಲ. ನೀರಿನಲ್ಲಿ ತೇಲುವ ಮರದ ದಿಮ್ಮಿಯ ಹಾಗೆ, ಮೇಲೆ ಕಾಣುವುದಕ್ಕಿಂತ ಬಹಳ ಜಾಸ್ತಿ ಕೆಳಗೆ ಮುಳುಗಿದೆ. ಆ ಬೇರು ಹಗುರ ಕಲ್ಲಿನದು. ಮೇಲಿನ ರಾಶಿ ಎಳೆದದ್ದರಲ್ಲಿ ಬಹುಪಾಲನ್ನು ಕೆಳಗಿನ ಕೊರತೆ ಅಳಿಸಿಹಾಕುತ್ತದೆ. ನಕ್ಷೆ ಮಾಡಲು ಹೋದವರ ಒಂದು ಸಣ್ಣ ತಾಳೆ ತಪ್ಪಿನಿಂದ ಬೆಟ್ಟದ ಬೇರು ಸಿಕ್ಕಿತು. ಇಡೀ ಸರ್ವೇಯಲ್ಲಿ ನನಗೆ ಎವರೆಸ್ಟಿಗಿಂತ ದೊಡ್ಡದು ಅನಿಸುವುದು ಇದೇ.

ಘಾಟಿ_ರೈಲು
ಅತಿ ಎತ್ತರ ಅನ್ನುವುದಕ್ಕೂ ಸೊನ್ನೆ ಎಲ್ಲಿ ಅನ್ನುವುದೇ ಮುಖ್ಯ ಅಲ್ವಾ? ಭೂಮಿಯ ಕೇಂದ್ರದಿಂದ ಅಳೆದರೆ ಈಕ್ವೆಡಾರಿನ ಚಿಂಬೊರಾಜೊ ಗೆಲ್ಲುತ್ತದೆ. ಅದು 6,263 ಮೀಟರ್ ಅಷ್ಟೇ, ಆದರೆ ಭೂಮಿಯ ಉಬ್ಬಿದ ನಡುವಿನ ಮೇಲೆ ಕೂತಿದೆ. ಎವರೆಸ್ಟಿಗಿಂತ ಸುಮಾರು 2 ಕಿ.ಮೀ. ಮುಂದೆ. ಬುಡದಿಂದ ತುದಿಗೆ ಅಳೆದರೆ ಹವಾಯಿಯ ಮೌನಾ ಕೀ. ನೀರಿನ ಮೇಲೆ 4,207 ಮೀಟರ್, ಸಮುದ್ರದ ತಳದಿಂದ 9 ಕಿ.ಮೀ.ಗೂ ಜಾಸ್ತಿ.

ಕಾರವಾರದವ
ಟಿಬೆಟಿಗೂ ಯಾರನ್ನೂ ಬಿಡುತ್ತಿರಲಿಲ್ಲವಲ್ಲ. ಅಲ್ಲಿ ದುರ್ಬೀನಿಗೆ ಕಾಣದ ಊರುಗಳ ಎತ್ತರ ಹೇಗೆ ಗೊತ್ತಾಯಿತು?

ಶಾಸನಪ್ರಿಯೆ
ನೀರು ಕುದಿಸಿ!

ಹಿಮಾಲಯದ ಕುಮಾವೂಂನ ಮಿಲಂ ಅನ್ನುವ ಹಳ್ಳಿಯ ಮೇಷ್ಟ್ರು ನೈನ್ ಸಿಂಗ್ ರಾವತ್. ಅವರನ್ನು ಸರ್ವೇಯವರು ತರಬೇತಿ ಕೊಟ್ಟು ವೇಷ ಹಾಕಿಸಿ ಕಳಿಸಿದರು. 1866ರ ಜನವರಿಯಲ್ಲಿ ಲಾಸಾ ತಲುಪಿದರು. ಒಂದು ಮೈಲಿಗೆ 2,000 ಹೆಜ್ಜೆ ಬರುವ ಹಾಗೆ ನಡಿಗೆ ರೂಢಿ ಮಾಡಿಕೊಂಡಿದ್ದರು. ಕೈಯಲ್ಲಿ ಜಪಮಾಲೆ. 108 ಮಣಿ ಇರಬೇಕಾದಲ್ಲಿ 100. ನೂರು ಹೆಜ್ಜೆಗೆ ಒಂದು ಮಣಿ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿ. ಪಾದರಸ ಕವಡೆಯೊಳಗೆ, ಥರ್ಮಾಮೀಟರ್ ಊರುಗೋಲಿನೊಳಗೆ. ಟೀ ಕಾಯಿಸುವ ನೆಪದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯಿತು ಅಂತ ನೋಡಿಕೊಳ್ಳಬಹುದಿತ್ತು. 1877ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು.

ಪಿಯುಸಿ_ಪದ್ದು
ಇದನ್ನು ಮನೆಯಲ್ಲಿ ಮಾಡಬಹುದಾ ಸರ್?

ಭೌತಶಾಸ್ತ್ರ_ಮೇಷ್ಟ್ರು
ಮಾಡಬಹುದು. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ. ಬೆಂಗಳೂರಿನಲ್ಲಿ 97 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರಬೇಕು. ಥರ್ಮಾಮೀಟರ್ ನೀರಿಗೆ ಮುಳುಗಿಸಬೇಡ, ಹಬೆಯಲ್ಲಿ ಹಿಡಿ. ಪಾತ್ರೆಯ ತಳಕ್ಕೆ ತಾಗಿದರಂತೂ ಲೆಕ್ಕ ಕೆಟ್ಟಿತು. ಜ್ವರ ನೋಡುವ ಥರ್ಮಾಮೀಟರ್ ಬೇಡ, ಒಡೆದು ಹೋಗುತ್ತದೆ. ಲ್ಯಾಬಿನದ್ದು ಕೇಳಿ ತೆಗೆದುಕೋ, ದೊಡ್ಡವರು ಪಕ್ಕದಲ್ಲಿರಲಿ. ಒಂದು ಡಿಗ್ರಿಯ ಹತ್ತನೇ ಒಂದು ಪಾಲು ತಪ್ಪಿ ಓದಿದರೂ 30 ಮೀಟರ್ ಆಚೀಚೆ ಆಗುತ್ತದೆ. ಜೊತೆಗೆ ಮೋಡ ಕವಿದು ಗಾಳಿಯ ಒತ್ತಡ ಇಳಿದ ದಿನ ಊರೇ ಸ್ವಲ್ಪ ಎತ್ತರಕ್ಕೆ ಹೋದ ಹಾಗೆ ಲೆಕ್ಕ ಬರುತ್ತದೆ. ಅದಕ್ಕೆ ಬೇರೆ ಬೇರೆ ದಿನ ಮಾಡಿ ಸರಾಸರಿ ತೆಗಿ.